ಕಾಲ್ಚೆಂಡಾಟದ ಹೊಸ ಗುರುಗಳಿಗೆ

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮುಂದೆ ಪ್ರೌಢಶಾಲೆಯೊಂದರಲ್ಲಿ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತ ಆಯುಷ್ಯವನ್ನು ಕಳೆದು ನಿವೃತ್ತನಾದವನೊಬ್ಬನು ಕಾಲ್ಚೆಂಡಾಟದ ವಿಷಯವಾಗಿ ಬರೆಯಹೊರಟರೆ, ಈ ಪತ್ರಿಕೆಯ ವಾಚಕರಲ್ಲಿ ಕೆಲವರಿಗೆ ನಗೆ ಬಂದೀತು. ಬರಲಿ, ನಾನು ಅದಕ್ಕೆ ಅಡ್ಡಬರುವುದಿಲ್ಲ. ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಸ್ಥಾನವು ವರ್ಷಗಟ್ಟಲೆ ತೆರವಾಗಿಯೇ ಇದ್ದಿತು. ಸಾಯಂಕಾಲ ಮನೆಗೆ ಹೋಗುವ ಅವಸರವಿಲ್ಲದ ಮಾಸ್ತರನು ನಾನೊಬ್ಬನೇ ಎಂಬುದನ್ನು ಕಂಡುಕೊಂಡ ಮುಖ್ಯಾಧ್ಯಾಪಕರು ಒಂದು ಚೆಂಡನ್ನೂ ಒಂದು ಸೀಟಿಯನ್ನೂ ನನ್ನ ಕೈಯಲ್ಲಿಟ್ಟರು. ಅಂದಿನಿಂದ ಹತ್ತೊಂಬತ್ತು ವರ್ಷ ನಾನು ಆ ಕೆಲಸವನ್ನು ಮಾಡಿದೆನು. ಚೆಂಡನ್ನು ನೆಟ್ಟಗೆ ಒದೆಯುವುದು ನನಗೆ ಇಂದಿಗೂ ಬಾರದು. ಆದರೆ ಒದೆಯಬಲ್ಲವರೆಲ್ಲರೂ ಕಲಿಸಬಲ್ಲವರಲ್ಲವೆಂಬುದನ್ನೂ, ಒದೆಯಲಾರದವನು ಕಲಿಸಲೇಕೂಡದೆಂಬ ನಿಯಮವಿಲ್ಲವೆಂಬುದನ್ನೂ ಆ ಹತ್ತೊಂಬತ್ತು ವರ್ಷಗಳಲ್ಲಿ ಕಂಡಿದ್ದೇನೆ.

ಈಗ ಈ ಮಾತೇಕೆಂದರೆ, ನನ್ನ ಹಳೆಯ ಶಿಷ್ಯನೊಬ್ಬನು ಈಚೆಗೆ ಮನೆಗೆ ಬಂದಿದ್ದನು. ತಾಲೂಕಿನ ಒಂದು ಶಾಲೆಯಲ್ಲಿ ಅವನು ಗಣಿತದ ಅಧ್ಯಾಪಕ. "ಸರ, ನನಗ ಹುಡುಗರ ಫುಟ್‌ಬಾಲ್ ಟೀಮ್ ಒಪ್ಪಿಸ್ಯಾರ್ರೀ. ನಾ ಎಂದೂ ಕಲಿಸಿದವನಲ್ಲ" ಎಂದು ಹೇಳಿ ಚೀಲದಿಂದ ಒಂದು ನೋಟುಪುಸ್ತಕವನ್ನು ತೆಗೆದನು. ಅದರಲ್ಲಿ ಹನ್ನೊಂದು ಮಂದಿಯ ತಂಡವನ್ನು ನಾಲ್ಕು, ಮೂರು, ಮೂರು ಎಂದು ಸಾಲುಸಾಲಾಗಿ ನಿಲ್ಲಿಸಿ, ಯಾರು ಎತ್ತ ಓಡಬೇಕೆಂಬುದನ್ನು ಕೆಂಪು ಮಸಿಯ ಬಾಣಗಳಿಂದ ತೋರಿಸಿದ್ದನು. ಕೆಲಸವೇನೋ ಅಚ್ಚುಕಟ್ಟಾಗಿದ್ದಿತು. "ಹುಡುಗರ ವಯಸ್ಸೆಷ್ಟಪ್ಪಾ?" ಎಂದು ಕೇಳಿದೆನು. ಒಂಬತ್ತರಿಂದ ಹನ್ನೊಂದು ಎಂದನು. ನಾನು ನೋಟುಪುಸ್ತಕವನ್ನು ಮುಚ್ಚಿ ಅವನ ಕೈಗೆ ಕೊಟ್ಟು, ಒಳಗೆ ಚಹಕ್ಕೆ ಹೇಳಿದೆನು. ಅಂದು ಅವನೊಡನೆ ಆಡಿದ ಮಾತುಗಳನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಇಂಥ ಕೆಲಸವು ಇಂದು ಅಧ್ಯಾಪಕರಿಗೆ ಮಾತ್ರವಲ್ಲದೆ ಬಡಾವಣೆಗಳಲ್ಲಿ ತಂದೆಯರಿಗೂ, ಅಕ್ಕ ಅಣ್ಣಂದಿರಿಗೂ ಬಂದು ಬೀಳುತ್ತಿರುವುದರಿಂದ, ಓದುವ ಮನೆಗಳಲ್ಲಿ ಯಾರಿಗಾದರೂ ಉಪಯೋಗವಾದೀತು.

ಮೊದಲು ಚೆಂಡಿನ ವಿಚಾರ. ದೊಡ್ಡವರು ಆಡುವ ಐದನೆಯ ಅಳತೆಯ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರು. ತೂಕ 410ರಿಂದ 450 ಗ್ರಾಮು. ಎಂಟು ವರ್ಷದೊಳಗಿನವರಿಗೆ ಮೂರನೆಯ ಅಳತೆಯದೂ, ಅಲ್ಲಿಂದ ಹನ್ನೆರಡರವರೆಗೆ ನಾಲ್ಕನೆಯ ಅಳತೆಯದೂ ತಕ್ಕದ್ದು. ಅಂಗಡಿಯವನು "ಮುಂದ ದೊಡ್ಡವರಾದ ಮ್ಯಾಲೂ ಬರ್ತದ, ಐದ ನಂಬರ್ ತಗೋರಿ" ಎನ್ನುತ್ತಾನೆ. ಕೇಳಕೂಡದು. ಬೆಳೆಯುವ ಮಗುವಿಗೆ ಅಂಗಿಯನ್ನು ಸ್ವಲ್ಪ ದೊಡ್ಡದಾಗಿ ಹೊಲಿಸುವ ನಮ್ಮ ಮನೆಗಳ ಜಾಣತನವು ಚೆಂಡಿನ ವಿಷಯದಲ್ಲಿ ನಡೆಯುವುದಿಲ್ಲ. ಎಳೆಯ ಪಾದಕ್ಕೆ ನೋವಾದೊಡನೆ ಮಗು ಚೆಂಡಿಗೆ ಹೆದರುತ್ತದೆ.

ಅಳತೆಗಿಂತಲೂ ಮುಖ್ಯವಾದದ್ದು ಚೆಂಡುಗಳ ಎಣಿಕೆ. ಇಪ್ಪತ್ತು ಮಕ್ಕಳು, ಒಂದು ಚೆಂಡು. ಮಕ್ಕಳೆಲ್ಲ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಗೋಲಿಗೆ ಒದೆಯುವುದು: ನಮ್ಮ ಶಾಲೆಗಳಲ್ಲಿ ಕಾಣುವ ಅಭ್ಯಾಸವು ಬಹುಮಟ್ಟಿಗೆ ಇದೇ. "ನೀನು ಗಣಿತದವನು, ಲೆಕ್ಕ ಹಾಕು" ಎಂದೆನು. ಒಬ್ಬನಿಗೆ ಹತ್ತು ಸೆಕೆಂಡು ಹಿಡಿದರೆ ಇಪ್ಪತ್ತು ಮಂದಿಯ ಸುತ್ತು ಮುಗಿಯಲು ಇನ್ನೂರು ಸೆಕೆಂಡು. ಒಂದು ಗಂಟೆಯಲ್ಲಿ ಒಬ್ಬೊಬ್ಬನಿಗೆ ಹದಿನೆಂಟು ಒದೆತ. ಅದನ್ನು ಬಿಟ್ಟು, ಇಬ್ಬಿಬ್ಬರಿಗೆ ಒಂದೊಂದು ಚೆಂಡನ್ನು ಕೊಟ್ಟು, ಮೂರು ಸೆಕೆಂಡಿಗೊಮ್ಮೆ ಚೆಂಡು ಆಚೆಯಿಂದ ಈಚೆಗೆ ಬರುವಂತೆ ಮಾಡಿದರೆ, ಹತ್ತೇ ನಿಮಿಷಗಳಲ್ಲಿ ಒಬ್ಬೊಬ್ಬನಿಗೆ ನೂರು ಒದೆತಗಳಾಗುತ್ತವೆ. ಲೆಕ್ಕ ಮುಗಿಸಿ ಶಿಷ್ಯನು ಸುಮ್ಮನೆ ಕುಳಿತನು. ಹತ್ತು ಚೆಂಡುಗಳನ್ನು ಕೊಡಿಸುವವರು ಯಾರು ಎಂದು ವಾಚಕರು ಕೇಳುವುದು ನ್ಯಾಯವೇ. ನನಗೂ ಯಾರೂ ಕೊಡಿಸಲಿಲ್ಲ. ಮೂರೇ ಚೆಂಡುಗಳಿದ್ದಾಗ ಮಕ್ಕಳನ್ನು ಮೂರು ಗುಂಪು ಮಾಡಿ, ಪ್ರತಿಯೊಂದು ಗುಂಪನ್ನೂ ವರ್ತುಲವಾಗಿ ನಿಲ್ಲಿಸಿ, ನಡುವೆ ಒಬ್ಬಿಬ್ಬರನ್ನು ಬಿಟ್ಟು, "ಇವರಿಗೆ ಸಿಗದ ಹಾಂಗ ಚೆಂಡು ಆಡಸ್ರಿ" ಎಂದು ಹೇಳುತ್ತಿದ್ದೆನು. ಚಿಂದಿಬಟ್ಟೆಯನ್ನು ಸುತ್ತಿ ಹುರಿಯಿಂದ ಬಿಗಿದ ಉಂಡೆಗಳೂ ನಮ್ಮಲ್ಲಿದ್ದವು. ಪುಟಿಯದಿದ್ದರೇನು, ಕಾಲಿಗೆ ಕೆಲಸವಾಗುತ್ತಿದ್ದಿತು.

ಆ ವಯಸ್ಸಿನ ಮಕ್ಕಳನ್ನು ಮೈದಾನದಲ್ಲಿ ಬಿಟ್ಟರೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲರೂ ಚೆಂಡನ್ನೇ ಮುತ್ತುತ್ತಾರೆ. ಹೊಸ ಗುರುವಿಗೆ ಕೋಪ ಬರುವುದು ಇಲ್ಲಿಯೇ. "ನಿನ್ನ ಜಾಗದಲ್ಲಿ ನಿಲ್ಲು" ಎಂದು ಕೂಗಿ ಗಂಟಲು ಒಣಗಿಸಿಕೊಳ್ಳುತ್ತಾನೆ. ಒಂಬತ್ತು ವರ್ಷದ ಮಗುವಿಗೆ ಚೆಂಡು ಇದ್ದಲ್ಲಿಯೇ ಆಟ. ಚೆಂಡಿಲ್ಲದ ಜಾಗವು ಅದಕ್ಕೆ ಶಿಕ್ಷೆಯಂತೆ ತೋರುತ್ತದೆ. ಇದಕ್ಕೆ ಮದ್ದು ತಂಡವನ್ನು ಚಿಕ್ಕದು ಮಾಡುವುದು. ಐದೈದು ಮಂದಿ, ಚಿಕ್ಕ ಬಯಲು, ಗೋಲಿಗೆ ನಾಲ್ಕು ಚಪ್ಪಲಿಗಳು. ಗುಂಪು ತಾನಾಗಿ ಬಿಡಿಸಿಕೊಳ್ಳುತ್ತದೆ. ಮೂಲೆಯಲ್ಲಿ ನಿಂತು ಅಂಗಿಯ ಗುಂಡಿಯನ್ನು ಕಚ್ಚುತ್ತಿದ್ದ ಹುಡುಗನ ಕಾಲಿಗೂ ಚೆಂಡು ಬರುತ್ತದೆ. ಹನ್ನೊಂದು ಮಂದಿಯ ಪೂರ್ಣಾಟಕ್ಕೆ ಹದಿಮೂರನೆಯ ವರ್ಷದವರೆಗೆ ಕಾದರೆ ಏನೂ ಕೆಡುವುದಿಲ್ಲ.

ಇನ್ನು ಮಾತಿನ ವಿಚಾರ. ಪಾಠಶಾಲೆಯಲ್ಲಿ ವೇದದ ಸಂಥೆಯನ್ನು ಹೇಳಿಸಿಕೊಂಡವರಿಗೆ ಒಂದು ಕ್ರಮವು ಗೊತ್ತಿದೆ. ಗುರುಗಳು ಒಂದು ಸಲ ಹೇಳುತ್ತಾರೆ. ಶಿಷ್ಯರು ಎರಡು ಸಲ ಹೇಳುತ್ತಾರೆ. ಆ ಮಂತ್ರದ ಮಹಿಮೆಯೇನು, ಅರ್ಥವೇನು ಎಂಬ ವ್ಯಾಖ್ಯಾನವೊಂದೂ ಆಗ ಇಲ್ಲ. ಸ್ವರ ತಪ್ಪಿದರೆ ಗುರುಗಳು ಇನ್ನೊಮ್ಮೆ ಸರಿಯಾಗಿ ಹೇಳುತ್ತಾರೆ, ಅಷ್ಟೆ. ಮೈದಾನದಲ್ಲಿ ಹೊಸ ಗುರುವು ಇದಕ್ಕೆ ವಿಪರೀತವಾಗಿ ನಡೆಯುವುದನ್ನು ನೋಡಿದ್ದೇನೆ. ಹತ್ತು ನಿಮಿಷ ಉಪನ್ಯಾಸ, ಎರಡು ನಿಮಿಷ ಆಟ, ಮತ್ತೆ ಸೀಟಿ, ಮತ್ತೆ ಉಪನ್ಯಾಸ. ಮಕ್ಕಳು ಮೊದಲ ಅರ್ಧ ನಿಮಿಷ ಕೇಳುತ್ತಾರೆ. ಆಮೇಲೆ ಆಕಾಶದಲ್ಲಿ ಹದ್ದು ಹಾರುವುದನ್ನು ನೋಡುತ್ತಾರೆ. ಹೇಳಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ, ಬಲ್ಲ ಹುಡುಗನೊಬ್ಬನಿಂದ ಒಮ್ಮೆ ಮಾಡಿಸಿ ತೋರಿಸಿ, ಚೆಂಡನ್ನು ಬಿಡಬೇಕು. ದಿನಕ್ಕೆ ಒಂದೇ ಪಾಠ: ಇಂದು ಪಾದದ ಒಳಬದಿಯಿಂದ ಚೆಂಡನ್ನು ತಳ್ಳುವುದಾದರೆ ಇಂದು ಅದೊಂದೇ.

ಪ್ರಸಂಗವಶಾತ್ ಇನ್ನೊಂದು ಮಾತು. ಕ್ರಮಪಾಠದಲ್ಲಿ ಮೊದಲ ಪದವು ಎರಡನೆಯದರೊಡನೆ, ಎರಡನೆಯದು ಮೂರನೆಯದರೊಡನೆ, ಮೂರನೆಯದು ನಾಲ್ಕನೆಯದರೊಡನೆ ಸೇರುತ್ತ ಹೋಗುವುದಷ್ಟೆ. ಜಟಾಪಾಠದಲ್ಲಿ ಒಂದು ಎರಡು, ಎರಡು ಒಂದು, ಒಂದು ಎರಡು ಎಂದು ಹಿಂದುಮುಂದಾಗಿ ಹೆಣೆಯಬೇಕು. ನನ್ನ ಹುಡುಗರು ಚೆಂಡನ್ನು ಒಬ್ಬನಿಂದೊಬ್ಬನಿಗೆ ದಾಟಿಸುವ ಅಭ್ಯಾಸವನ್ನು ನಾನು ಈ ಎರಡು ಕ್ರಮಗಳಲ್ಲಿಯೇ ಮಾಡಿಸಿದೆನು. ಅವರು ಅದಕ್ಕೆ "ಕ್ರಮ", "ಜಟೆ" ಎಂದೇ ಹೆಸರಿಟ್ಟುಕೊಂಡಿದ್ದರು. ನೆರೆಯೂರಿನ ತಂಡದವರು ಇದನ್ನು ಏನೋ ಹೊಸ ವಿದೇಶೀ ತಂತ್ರವೆಂದು ತಿಳಿದರು. ನಾವೂ ತಿದ್ದಲಿಲ್ಲ.

ಮಾಸ್ತರಿಕೆಗೂ ಈ ಆಟಕ್ಕೂ ನಂಟಿಲ್ಲವೆಂದು ತಿಳಿಯಬಾರದು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ಶಾಲಾಮಾಸ್ತರರಾಗಿದ್ದವರು. 1950ರಿಂದ ತೀರಿಕೊಂಡ 1963ರವರೆಗೆ ಅವರು ಭಾರತ ತಂಡದ ಗುರುಗಳು. 1951ರಲ್ಲಿಯೂ 1962ರಲ್ಲಿಯೂ ಏಷ್ಯನ್ ಕ್ರೀಡಾಕೂಟದ ಚಿನ್ನವು ಬಂದದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ನಾಲ್ಕನೆಯವರಾದದ್ದು ಅವರ ಕಾಲದಲ್ಲಿಯೇ. ಹುಡುಗರಿಗಾಗಿ ಅವರು ನಡೆಸುತ್ತಿದ್ದ ಪಂದ್ಯಗಳ ಬಗೆ ಕೇಳತಕ್ಕದ್ದು. ಒಂದರಲ್ಲಿ ಒಬ್ಬನೇ ಚೆಂಡನ್ನು ಕಾಲಲ್ಲಿ ಹೊಂದಿಸಿಕೊಂಡು ಓಡುವಂತಿಲ್ಲ, ಬಂದೊಡನೆ ಜೊತೆಯವನಿಗೆ ದಾಟಿಸಬೇಕು; ಇನ್ನೊಂದರಲ್ಲಿ ಬಲ ಕಡಮೆಯಾದ ಕಾಲಿನಿಂದಲೇ ಆಡಬೇಕು. ಹೀಗೆ ಮಾಡಬೇಡಿರಿ ಎಂದು ನೂರು ಸಲ ಗದರಿಸುವ ಬದಲು, ಆಟದ ನಿಯಮವನ್ನೇ ತುಸು ಬದಲಿಸಿ ಬಿಟ್ಟರೆ ಆ ನಿಯಮವೇ ಗುರುವಾಗುತ್ತದೆ. ವಾರಕ್ಕೊಮ್ಮೆ ಎಡಗಾಲಿನ ಆಟವನ್ನು ನಾನೂ ಇಡಿಸಿದೆನು. ಅಂದು ಶೂರರೆಲ್ಲ ಮುಗ್ಗರಿಸುತ್ತಿದ್ದರು, ಸಾಮಾನ್ಯರು ಅವರಿಗೆ ಸಮಾನರಾಗುತ್ತಿದ್ದರು. ಮಕ್ಕಳು ಆ ದಿನವನ್ನು ಕಾಯುತ್ತಿದ್ದುದು ಈ ಕಾರಣಕ್ಕಾಗಿಯೇ ಇರಬೇಕು.

ನಾನು ಬರೆಯಬೇಕೆಂದುಕೊಂಡ ಮುಖ್ಯ ಸಂಗತಿ ಇನ್ನು ಮುಂದಿನದು.

ಒಂದು ವರ್ಷ ತಾಲೂಕು ಪಂದ್ಯಗಳಲ್ಲಿ ನಮ್ಮ ಆಟ ಮುಗಿದ ಮೇಲೆ ಬೇವಿನ ಮರದ ನೆರಳಿನಲ್ಲಿ ಕುಳಿತು ಬೇರೆ ಎರಡು ಶಾಲೆಗಳ ಆಟವನ್ನು ನೋಡುತ್ತಿದ್ದೆನು. ಆ ಶಾಲೆಗಳ ಹೆಸರು ಇಲ್ಲಿ ಬೇಡ. ಪಕ್ಕದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನು ಕುಳಿತಿದ್ದನು. ಮೈಮೇಲೆ ತಂಡದ ಅಂಗಿ. ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೆ ನಾಲ್ಕು ಕೈಗಡಿಯಾರಗಳು. ಆಡುವವರು ಬಿಚ್ಚಿ ಅವನ ಕೈಗೆ ಕಟ್ಟಿ ಹೋಗಿದ್ದರು. ಮಾತಿಗೆ ಮಾತು ಬಂದು, "ಈ ವರ್ಷ ನೀನು ಆಡಿದ್ದೀಯೇನಪ್ಪಾ?" ಎಂದೆನು. "ಆಡೇನ್ರಿ, ಹನ್ನೊಂದು ನಿಮಿಷ" ಎಂದನು. ಜೂನ್ ತಿಂಗಳಿಂದ ದಿನವೂ ಬೆಳಗ್ಗೆ ಅಭ್ಯಾಸಕ್ಕೆ ಬರುವ ಹುಡುಗ. ಆರು ಪಂದ್ಯಗಳು ಆಗಿಹೋಗಿದ್ದವು. "ಹನ್ನೊಂದೇ ಎಂದು ಹೇಗೆ ಗೊತ್ತು?" ಎಂದದ್ದಕ್ಕೆ ಕೈಯನ್ನು ಎತ್ತಿ ತೋರಿಸಿ, "ಗಡಿಯಾರ ಎಲ್ಲಾ ನನ್ನ ಹತ್ರನ ಇರ್ತಾವಲ್ರಿ" ಎಂದು ನಕ್ಕನು. ಅವನ ತಂಡ ಅಂದು ಗೆದ್ದಿತು. ಎಲ್ಲರೂ ಕುಣಿದರು, ಅವನೂ ಓಡಿಹೋಗಿ ಅವರೊಡನೆ ಕುಣಿದು, ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ ಕೊಟ್ಟನು. ಮರುವರ್ಷ ಅದೇ ಬಯಲಿನಲ್ಲಿ ನಾನು ಅವನಿಗಾಗಿ ನೋಡಿದೆನು. ಕಾಣಲಿಲ್ಲ. ವಿಚಾರಿಸಲಾಗಿ, "ಅಂವ ಆಟ ಬಿಟ್ಟಾನ್ರಿ" ಎಂದು ಜೊತೆಯ ಹುಡುಗನು ಹೇಳಿದನು.

ಆ ತಂಡದ ಗುರುಗಳು ಕೆಟ್ಟವರಲ್ಲ. ಬೆಳಗಿನ ಐದೂವರೆಗೆ ಬಯಲಿಗೆ ಬರುತ್ತಿದ್ದ ಶ್ರದ್ಧಾವಂತರು. ಕೇಳಿದ್ದರೆ, "ಗೆಲ್ಲಬೇಕಲ್ಲ, ಮಾಸ್ತರರೇ" ಎನ್ನುತ್ತಿದ್ದರು. ಆದರೆ ಹತ್ತು ಹನ್ನೆರಡರ ವಯಸ್ಸಿನಲ್ಲಿ ಯಾವ ಹುಡುಗನು ಮುಂದೆ ಆಟಗಾರನಾಗುವನೆಂಬುದನ್ನು ಬಲ್ಲವರು ಯಾರು? ಆ ವಯಸ್ಸಿನಲ್ಲಿ ನಾವು 'ಶಕ್ತ' ಎನ್ನುವವನು ಬಹುಮಟ್ಟಿಗೆ ಜನವರಿಯಲ್ಲಿ ಹುಟ್ಟಿದವನು, 'ಅಶಕ್ತ' ಎನ್ನುವವನು ಅದೇ ವರ್ಷದ ಡಿಸೆಂಬರಿನವನು. ಹನ್ನೊಂದು ತಿಂಗಳ ಅನ್ನವೇ ಅವರ ನಡುವಿನ ಅಂತರ. ಐದು ವರ್ಷ ಕಳೆದರೆ ಆ ಅಂತರ ಅಳಿದುಹೋಗುತ್ತದೆ. ಅಷ್ಟರಲ್ಲಿ ಡಿಸೆಂಬರಿನವನು ಗಡಿಯಾರ ಕಾಯುವುದು ಸಾಕಾಗಿ ಮನೆ ಸೇರಿರುತ್ತಾನೆ.

ನನ್ನ ತಂಡದಲ್ಲಿ ನಾನು ಮಾಡಿದ ನಿಯಮವು ಇಷ್ಟು: ಅಭ್ಯಾಸಕ್ಕೆ ತಪ್ಪದೆ ಬಂದ ಪ್ರತಿಯೊಬ್ಬನೂ ಪ್ರತಿ ಪಂದ್ಯದಲ್ಲಿಯೂ ಅರ್ಧದಷ್ಟು ಹೊತ್ತಾದರೂ ಆಡತಕ್ಕದ್ದು. ಯಾರು ಎಷ್ಟು ನಿಮಿಷ ಆಡಿದರೆಂಬುದನ್ನು ಹಾಜರಿ ಪುಸ್ತಕದಂತೆ ಬರೆದಿಡುತ್ತಿದ್ದೆನು. ಗೋಲು ಕಾಯುವ ಕೆಲಸವೂ ಸರದಿಯಮೇಲೆ. ಇದರಿಂದ ಸೋಲುಂಟಾಗುವುದಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಹತ್ತೊಂಬತ್ತು ವರ್ಷಗಳಲ್ಲಿ ನಮ್ಮ ಶಾಲೆಯು ಜಿಲ್ಲಾಮಟ್ಟಕ್ಕೆ ಹೋದದ್ದು ಎರಡೇ ಸಲ. ಒಮ್ಮೆ ಆಡಳಿತ ಮಂಡಳಿಯವರೊಬ್ಬರು, ಗೆಲ್ಲದ ತಂಡಕ್ಕೆ ಚೆಂಡೇಕೆ ಎಂದು ಕೇಳಿ ಆ ವರ್ಷದ ಹಣವನ್ನು ನಿಲ್ಲಿಸಿದರು. ಚಿಂದಿಯ ಉಂಡೆಗಳು ಬಂದದ್ದು ಆಗಲೇ. ಹೊಸ ಗುರುವು ಈ ಬೆಲೆಯನ್ನು ಮೊದಲೇ ತಿಳಿದಿರಬೇಕು. ಜೂನಿನಲ್ಲಿ ಬಂದವರಲ್ಲಿ ಮಾರ್ಚಿಯವರೆಗೆ ಎಷ್ಟು ಮಂದಿ ಉಳಿದರೆಂಬುದೇ ನಾನು ಇಟ್ಟುಕೊಂಡ ಲೆಕ್ಕ. ಅದರಲ್ಲಿ ನಾನು ಯಾರಿಗೂ ಸೋತವನಲ್ಲ.

ಪಂದ್ಯದಲ್ಲಿ ತಪ್ಪಿದವನನ್ನು ಅಲ್ಲಿಯೇ ನಿಂದಿಸುವ ಚಟವೊಂದುಂಟು. 1948ನೆಯ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತವು ಫ್ರಾನ್ಸಿನೊಡನೆ ಆಡಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ನಮ್ಮ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಪಂದ್ಯದಲ್ಲಿ ನಮಗೆ ಎರಡು ಪೆನಾಲ್ಟಿಗಳು ದೊರೆತು ಎರಡೂ ವ್ಯರ್ಥವಾದವು. ಒಂದಕ್ಕೆ ಎರಡು ಗೋಲುಗಳಿಂದ ಸೋತೆವು. ಪೆನಾಲ್ಟಿ ತಪ್ಪಿದವರಲ್ಲಿ ಒಬ್ಬರು ಶೈಲೇನ್ ಮನ್ನಾ. 1951ರಲ್ಲಿ ಹೊಸದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡಕ್ಕೆ ಅವರೇ ನಾಯಕರು. ಹತ್ತು ವರ್ಷದ ಹುಡುಗನು ಗೋಲನ್ನು ತಪ್ಪಿ ಅಳುತ್ತ ಬಂದಾಗ ನಾನು ಈ ಕಥೆಯನ್ನು ಹೇಳುತ್ತಿದ್ದೆನು. ಅದಕ್ಕೂ ಮೊದಲು ನೀರು ಕೊಡುತ್ತಿದ್ದೆನು.

ದೇಹರಕ್ಷಣೆಯ ಸಂಗತಿಗಳಲ್ಲಿ ವಾದಕ್ಕೆ ಎಡೆಯಿಲ್ಲ. ಚಿಕ್ಕ ಮಕ್ಕಳಿಗೆ ತಲೆಯಿಂದ ಚೆಂಡನ್ನು ಹೊಡೆಯುವುದನ್ನು ಕಲಿಸಕೂಡದು. ಸ್ಕಾಟ್ಲೆಂಡಿನ ಹಳೆಯ ವೃತ್ತಿ ಆಟಗಾರರನ್ನು ಕುರಿತು ಗ್ಲಾಸ್ಗೋ ವಿಶ್ವವಿದ್ಯಾಲಯದವರು ನಡೆಸಿ 2019ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಮಿದುಳು ಸವೆಯುವ ರೋಗಗಳಿಂದಾಗುವ ಮರಣವು ಅವರಲ್ಲಿ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿ ಕಂಡಿತು. ಅಮೆರಿಕದವರು 2015ರಲ್ಲಿಯೇ ಹತ್ತು ವರ್ಷದೊಳಗಿನವರಿಗೆ ಇದನ್ನು ನಿಷೇಧಿಸಿದ್ದರು. ಇಂಗ್ಲೆಂಡಿನವರು 2020ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಅಭ್ಯಾಸದಿಂದ ಇದನ್ನು ತೆಗೆದರು. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗುವನ್ನು, "ನನಗೇನೂ ಆಗಿಲ್ರಿ" ಎಂದು ಎಷ್ಟೇ ಹೇಳಲಿ, ಆ ದಿನ ಮತ್ತೆ ಆಟಕ್ಕೆ ಇಳಿಸದೆ ವೈದ್ಯರಿಗೆ ತೋರಿಸಬೇಕು. ಎತ್ತಿಡುವ ಕಬ್ಬಿಣದ ಗೋಲುಕಂಬಗಳಿದ್ದರೆ ಹಿಂಬದಿಗೆ ಮರಳುಚೀಲದ ಭಾರವನ್ನು ಹಾಕದೆ ಮಕ್ಕಳನ್ನು ಹತ್ತಿರಕ್ಕೆ ಬಿಡಕೂಡದು; ಅವು ಮಗುಚಿಬಿದ್ದು ಮಕ್ಕಳು ಸತ್ತದ್ದುಂಟು. ಏಪ್ರಿಲ್ ಮೇ ತಿಂಗಳುಗಳ ಸಾಯಂಕಾಲ ನಮ್ಮ ಕಡೆ ಗುಡುಗು ಸಿಡಿಲು ಸಾಮಾನ್ಯ. ಮಿಂಚು ಕಂಡ ಮೂವತ್ತು ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಆಟವನ್ನು ನಿಲ್ಲಿಸಿ ಎಲ್ಲರನ್ನೂ ಕಟ್ಟಡದೊಳಕ್ಕೆ ಕರೆದೊಯ್ಯಬೇಕು, ಮರದಡಿಗಲ್ಲ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯದೆ ಮರಳಿ ಬರಬಾರದು.

ಹಸಿವಿನ ಮಾತನ್ನು ಗುರುವು ತಾನಾಗಿಯೇ ಕೇಳಬೇಕು, ಮಕ್ಕಳು ಹೇಳುವುದಿಲ್ಲ. ಮಧ್ಯಾಹ್ನ ಶಾಲೆಯಲ್ಲಿ ಉಂಡವರು ಸಂಜೆ ಐದಕ್ಕೆ ಓಡಲಾರದೆ ಕುಳಿತರೆ ಅದನ್ನು ಸೋಮಾರಿತನವೆಂದು ತಿಳಿಯುವುದು ಅನ್ಯಾಯ. ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ, ತಂಬಿಗೆ ನೀರು. ನಮ್ಮ ಬೀದಿಯ ಕಿರಾಣಿ ಅಂಗಡಿಯವರು ವರ್ಷಕ್ಕೆರಡು ಚೀಲ ಶೇಂಗಾ ಕೊಡುತ್ತಿದ್ದರು; ಕೇಳಿದರೆ ಕೊಡುವವರು ಊರೂರಿಗೂ ಇದ್ದಾರೆ.

ಹೆಣ್ಣುಮಕ್ಕಳ ವಿಚಾರವನ್ನು ಓದುವ ಮನೆಗಳಿಗಾಗಿಯೇ ಹೇಳುತ್ತೇನೆ. ಅಣ್ಣನ ಚೀಲವನ್ನು ಹಿಡಿದು ಬೇಲಿಯ ಹೊರಗೆ ನಿಂತ ತಂಗಿಯನ್ನು ಒಳಗೆ ಕರೆಯುವುದು ಗುರುವಿನ ಕೈಯಲ್ಲಿದೆ. ಕಳಿಸುವುದು ಮನೆಯವರ ಕೈಯಲ್ಲಿ. ಬಿಸಿಲಿಗೆ ಕಪ್ಪಾಗುತ್ತಾಳೆಂಬುದೇ ನಾನು ಕೇಳಿದ ಮೊದಲ ಆಕ್ಷೇಪಣೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಕಪ್ಪಾಗುವುದು ನಿಜ. ಆದರೆ ಅವಳನ್ನು ಕರೆಯುವ ಮೊದಲು ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ, ಒಳಗೆ ನೀರಿದೆಯೇ ಎಂದು ಗುರುವು ನೋಡಿಬರಬೇಕು. ಅಭ್ಯಾಸವು ಯಾವಾಗಲೂ ನಾಲ್ಕು ಜನ ಕಾಣುವ ಬಯಲಿನಲ್ಲಿ ನಡೆಯಬೇಕು. ಹುಡುಗನಾಗಲಿ ಹುಡುಗಿಯಾಗಲಿ, ಒಂದೇ ಮಗುವನ್ನು ಒಂಟಿಯಾಗಿ ಉಳಿಸಿಕೊಂಡು ಕಲಿಸುವ ಪದ್ಧತಿ ಸಲ್ಲದು.

ತಂದೆತಾಯಿಗಳನ್ನು ಮೊದಲ ವಾರದಲ್ಲಿಯೇ ಕೂಡಿಸಿ ಮಾತಾಡುವುದು ಮೇಲು. "ಒದಿ, ಒದಿ" ಎಂದು ಅಂಚಿನಿಂದ ತಂದೆ ಕೂಗುವಾಗ, "ದಾಟಿಸು" ಎಂದು ಗುರುವು ಹೇಳಿದರೆ ಮಗು ಯಾರ ಮಾತನ್ನು ಕೇಳಬೇಕು? ಚಪ್ಪಾಳೆ ತಟ್ಟಲು ಅವರಿಗೆ ಪೂರ್ಣ ಅಧಿಕಾರವಿದೆಯೆಂದೂ, ಆಜ್ಞೆ ಮಾಡಲು ಇಲ್ಲವೆಂದೂ ನಾನು ಹೇಳುತ್ತಿದ್ದೆನು. ಬಹುಮಂದಿ ಒಪ್ಪಿದರು. ಒಪ್ಪದ ಒಬ್ಬ ತಂದೆಗೆ ಗೆರೆ ಕಾಯುವ ಬಾವುಟವನ್ನು ಕೊಟ್ಟೆನು. ಆ ಕೆಲಸದಲ್ಲಿ ಅವರಿಗೆ ಕೂಗಲು ಬಿಡುವಾಗಲಿಲ್ಲ. ನಮ್ಮ ನಾಡಿಗೆ ಈ ಆಟ ಹೊಸದೇನೋ ಎಂಬಂತೆ ಮಾತಾಡುವ ತಂದೆಯರೂ ಇದ್ದಾರೆ. ಸಂತೋಷ್ ಟ್ರೋಫಿಯನ್ನು ಮೈಸೂರಿನವರು ನಾಲ್ಕು ಸಲ ಗೆದ್ದಿದ್ದರು, ಕೊನೆಯದು 1968–69ರಲ್ಲಿ. ಬಳಿಕ 54 ವರ್ಷ ಕಾದು ಕರ್ನಾಟಕದವರು 2023ನೆಯ ಮಾರ್ಚಿಯಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು ಮೂರಕ್ಕೆ ಎರಡರಿಂದ ಸೋಲಿಸಿ ಮತ್ತೆ ತಂದರು. ಹುಡುಗರಿಗೆ ಇದು ಗೊತ್ತಿರುತ್ತದೆ, ತಂದೆಯರಿಗೆ ಗೊತ್ತಿರುವುದಿಲ್ಲ.

ಶಿಷ್ಯನು ಹೊರಟು ನಿಂತಾಗ ಚೆಂಡಿಗೆ ಗಾಳಿ ತುಂಬುವ ಸೂಜಿಯ ವಿಷಯವನ್ನು ಹೇಳಿದೆನು. ಒಣಸೂಜಿಯನ್ನು ಚುಚ್ಚಿದರೆ ಒಳಗಿನ ರಬ್ಬರು ಹರಿಯುತ್ತದೆ. ಒಂದು ಹನಿ ನೀರಿನಲ್ಲಾದರೂ ತೋಯಿಸಿ ನೆಟ್ಟಗೆ ಇಳಿಸಬೇಕು. ಸೂಜಿಗಳು ಎರಡಿರಲಿ, ಬೆಂಕಿಪೊಟ್ಟಣದಲ್ಲಿ ಹಾಕಿ ಅಂಗಿಯ ಜೇಬಿನಲ್ಲಿಯೇ ಇರಲಿ. ಒಂದು ಕಳೆದೇ ಕಳೆಯುತ್ತದೆ, ಮತ್ತು ಅದು ಕಳೆಯುವುದು ಪಂದ್ಯದ ದಿನವೇ.